ನಕಲಿ ಚಿಪ್ ಒಪ್ಪಿತು, ಕಡಲು ಒಪ್ಪಲಿಲ್ಲ

ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕ ಕುಳಿತವರು ಕೇಳುವ ಪ್ರಶ್ನೆಗಳಲ್ಲಿ ನನಗೆ ಕಷ್ಟದ್ದು ಒಂದೇ: "ನಿಮಗೆ ಎಂತ ಕೆಲಸ?" ಕಂಪ್ಯೂಟರ್ ಕೆಲಸ ಎಂದರೆ ಮೊಬೈಲ್ ತೆಗೆದು ಕೈಗೆ ಕೊಡುತ್ತಾರೆ, ಇದು ಯಾಕೆ ನಿಧಾನ ಆಗಿದೆ ನೋಡಿ ಎನ್ನುತ್ತಾರೆ. ಕಂಪೈಲರ್ ಕೆಲಸ ಎಂದರೆ ಮುಖವನ್ನು ಪಾಯಸ ಬರುವ ದಿಕ್ಕಿಗೆ ತಿರುಗಿಸುತ್ತಾರೆ. ಹೀಗಾಗಿ ಮುಳ್ಳೇರಿಯದಲ್ಲಿ ಇಷ್ಟು ವರ್ಷ ಬಾಳಿದರೂ ನಾನು ಮಾಡುವುದೇನು ಎಂದು ಸರಿಯಾಗಿ ತಿಳಿದವರು ನನ್ನ ಗಂಡನನ್ನು ಬಿಟ್ಟರೆ ಯಾರೂ ಇರಲಿಲ್ಲ. ಗಂಡನಿಗೂ ತಿಳಿದಿತ್ತೋ, ತಿಳಿದಂತೆ ತಲೆ ಆಡಿಸುತ್ತಿದ್ದರೋ, ನನಗೆ ಸಂಶಯವಿದೆ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಸಲಹೆ ಕೇಳುತ್ತಾರೆ. ಸಲಹೆ ಕೊಡುವುದಕ್ಕಿಂತ ನಡೆದದ್ದನ್ನು ಬರೆದಿಡುವುದು ಸುಲಭ ಅನ್ನಿಸಿತು. ಬೇಕಾದ್ದನ್ನು ಅವರೇ ಆಯ್ದುಕೊಳ್ಳಲಿ.

ಗೊತ್ತಿಲ್ಲದವರಿಗಾಗಿ ಮೊದಲು ಒಂದು ಮಾತು. ನಮ್ಮ ಕಾಸರಗೋಡಿನಲ್ಲಿ ಕನ್ನಡ ಮಾತ್ರ ಓದಲು ಬರುವವರು ಕಚೇರಿಗೆ ಮಲಯಾಳದಲ್ಲಿ ಅರ್ಜಿ ಕೊಡಬೇಕಾದರೆ ಬರೆದುಕೊಡುವವರನ್ನು ಹುಡುಕುತ್ತಾರೆ. ನೀವು ಹೇಳುತ್ತೀರಿ, ಅವರು ಬರೆಯುತ್ತಾರೆ, ನಿಮಗೆ ಓದಲಾಗದ ಕಾಗದಕ್ಕೆ ನೀವು ನಂಬಿಕೆಯಿಂದ ಸಹಿ ಹಾಕುತ್ತೀರಿ. ಕಂಪೈಲರ್ ಅಂಥದ್ದೇ ಬರೆದುಕೊಡುವವ. ಮನುಷ್ಯರು ಬರೆದ ಪ್ರೋಗ್ರಾಮನ್ನು ಅದು ಚಿಪ್‌ಗೆ ತಿಳಿಯುವ ಭಾಷೆಗೆ ಇಳಿಸುತ್ತದೆ. ಡಿಬಗ್ಗರ್ ಎಂದರೆ ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವ ಉಪಕರಣ. ನಾನು ದುಡಿದದ್ದು ಮುಕ್ತ ತಂತ್ರಾಂಶದಲ್ಲಿ. ಅದನ್ನು ಯಾರೂ ಒಯ್ಯಬಹುದು, ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಬಹುದು. ಆದರೆ ತಿದ್ದಿದ್ದು ಮೂಲಕ್ಕೆ ಸೇರಿ ಎಲ್ಲರಿಗೂ ಸಿಗಬೇಕಾದರೆ ಆ ಮೂಲವನ್ನು ನೋಡಿಕೊಳ್ಳುವವರು ಒಪ್ಪಬೇಕು. ಒಂದು ಹಳೆಯ ಸಣ್ಣ ಚಿಪ್‌ಗೆ ಸಂಬಂಧಿಸಿದ ಭಾಗವನ್ನು ನೋಡಿಕೊಳ್ಳುವ ಕೆಲವೇ ಜನರಲ್ಲಿ ನಾನೂ ಒಬ್ಬಳಾಗಿದ್ದೆ.

ಶುರು ಮಾಡಿದ್ದು ಮಂಗಳೂರಿನಲ್ಲಿ, ಅಳತೆಯ ಉಪಕರಣ ಮಾಡುವ ಒಂದು ಸಣ್ಣ ಕಂಪೆನಿಯಲ್ಲಿ. ನನ್ನ ಮೇಲಿನವರು ಪ್ರಭು ಸಾರ್. ಕೊಂಕಣಿಯವರು, ಮಾತು ಕಡಿಮೆ, ಬೈಗುಳ ಇನ್ನೂ ಕಡಿಮೆ, ಆದರೆ ಕನ್ನಡಕದ ಮೇಲಿಂದ ನೋಡಿದರೆ ಬೈದಷ್ಟೇ ನಾಟುತ್ತಿತ್ತು. ನನ್ನ ಪ್ರೋಗ್ರಾಮ್ ಕೈಕೊಟ್ಟಾಗಲೆಲ್ಲ ನಾನು ತಪ್ಪು ಕಂಪೈಲರಿನದ್ದು ಎಂದು ತೀರ್ಪು ಕೊಟ್ಟುಬಿಡುತ್ತಿದ್ದೆ. ಅವರು ಒಂದು ದಿನ ಕರೆದು, ಬೈಯುವ ಮೊದಲು ಪ್ರೋಗ್ರಾಮನ್ನು ಕಡಿಯುತ್ತಾ ಬಾ ಎಂದರು. ಅರ್ಧ ಕಡಿ, ತೊಂದರೆ ಉಳಿದಿದೆಯಾ ನೋಡು. ಉಳಿದಿದ್ದರೆ ಮತ್ತೆ ಅರ್ಧ ಕಡಿ. ಕೊನೆಗೆ ಅಂಗೈಯಲ್ಲಿ ಹಿಡಿಯುವಷ್ಟು ಉಳಿದಾಗಲೂ ತೊಂದರೆ ಇದ್ದರೆ ಆಮೇಲೆ ಬಂದು ಬೈ.

ಕಡಿದೆ. ಹೆಚ್ಚುಕಡಿಮೆ ಪ್ರತಿ ಸಲವೂ ಕೊನೆಯಲ್ಲಿ ಸಿಕ್ಕಿದ್ದು ನನ್ನದೇ ತಪ್ಪು. ಮುಖ ಸಣ್ಣದಾಗುತ್ತಿತ್ತು. ಆದರೆ ಒಂದು ಸಲ ಕಡಿದು ಕಡಿದು ಏಳೆಂಟು ಸಾಲು ಉಳಿದಾಗಲೂ ನನ್ನ ತಪ್ಪು ಸಿಗಲಿಲ್ಲ. ಪ್ರಭು ಸಾರ್ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಇದನ್ನು ಮೂಲದವರಿಗೆ ಕಳಿಸು ಎಂದರು. ಆ ದಿನ ಬಸ್ಸಿನಲ್ಲಿ ಊರಿಗೆ ಬರುವಾಗ ನನಗೆ ಆದ ಸಂತೋಷ ಆಮೇಲೆ ಸಂಬಳ ಹೆಚ್ಚಿದಾಗಲೂ ಆಗಲಿಲ್ಲ.

ಮೂಲದ ಆ ಭಾಗಕ್ಕೆ ಹಿರಿಯಳಾಗಿದ್ದವಳು ಹೆಲ್ಗಾ. ಯುರೋಪಿನವಳು, ನಾನು ಇಂದಿಗೂ ಮುಖ ನೋಡಿಲ್ಲ. ನಾನು ಸಭ್ಯವಾಗಿ ಒಂದು ಪುಟದ ಮೈಲ್ ಬರೆದಿದ್ದೆ. ಅವಳ ಉತ್ತರದಲ್ಲಿ ನಮಸ್ಕಾರವಿಲ್ಲ, ಹೆಸರಿಲ್ಲ, ಎರಡೇ ಪದ: ಪರೀಕ್ಷೆ ಎಲ್ಲಿ? ಎಂಥ ಅಹಂಕಾರದ ಹೆಂಗಸು ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಅಲ್ಲಿಯ ಪದ್ಧತಿ. ಒಂದು ತಪ್ಪು ತಿದ್ದಿದರೆ ಆ ತಪ್ಪು ಮತ್ತೆ ಬಂದರೆ ಹಿಡಿಯುವಂಥ ಒಂದು ಸಣ್ಣ ಪ್ರೋಗ್ರಾಮನ್ನೂ ಜೊತೆಗೆ ಕೊಡಬೇಕು. ಅದೇ ಪರೀಕ್ಷೆ. ಯಾರು ಏನು ಬದಲಾಯಿಸಿದರೂ ಹಳೆಯ ಪರೀಕ್ಷೆಗಳೆಲ್ಲ ಓಡುತ್ತವೆ. ಎಲ್ಲ ಹಸಿರಾದರೆ ಒಳಗೆ, ಒಂದು ಕೆಂಪಾದರೂ ಹೊರಗೆ. ನನಗೆ ಹಟ ಹಿಡಿಯಿತು. ಇವಳು ಮರುಮಾತಾಡದಂಥ ತಿದ್ದುಪಡಿ ಒಂದನ್ನಾದರೂ ಕಳಿಸದೆ ಬಿಡುವುದಿಲ್ಲ ಎಂದುಕೊಂಡೆ. ಅದಕ್ಕೆ ಹಿಡಿದ ಕಾಲವನ್ನು ಲೆಕ್ಕ ಹಾಕುವುದು ಬೇಡ.

ಆಗ ಮುಳ್ಳೇರಿಯದಲ್ಲಿ ಇಂಟರ್ನೆಟ್ ಎಂದರೆ ಫೋನ್ ತಂತಿಯಲ್ಲಿ ಕಿರುಗುಟ್ಟುತ್ತಾ ಬರುವ ಸಂಗತಿ. ಕಂಪೈಲರಿನ ಮೂಲವನ್ನು ಇಳಿಸಿಕೊಳ್ಳಲು ಕಾಸರಗೋಡಿನ ಒಂದು ಅಂಗಡಿಗೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಕೂತು, ಸಿ.ಡಿ.ಗೆ ಹಾಕಿಸಿಕೊಂಡು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದೆ. ಆ ಮೂಲದಿಂದ ಓಡುವ ಕಂಪೈಲರನ್ನು ಕಟ್ಟುವಾಗ ಕರೆಂಟು ಹೋದರೆ ಕೆಲಸ ಮೊದಲಿಂದ. ಈಗಿನವರು ಗುಂಡಿ ಒತ್ತಿದರೆ ಎಲ್ಲೋ ಇರುವ ಯಂತ್ರ ಚಹಾ ಕುಡಿಯುವಷ್ಟರಲ್ಲಿ ಕಟ್ಟಿಕೊಡುತ್ತದೆ. ಒಳ್ಳೆಯದೇ. ಹಿಂದಿನದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ, ಆ ಬಸ್ಸಿನಲ್ಲಿ ಹೋಗಿಬಂದವಳು ನಾನು.

ಒಂದು ಎಡವಟ್ಟಿನ ವಿಷಯ ಹೇಳಲೇಬೇಕು, ಯಾಕೆಂದರೆ ಕಿರಿಯರು ಅದನ್ನು ಹೇಗೂ ಕಂಡುಹಿಡಿಯುತ್ತಾರೆ. ಮೂಲಕ್ಕೆ ತಿದ್ದುಪಡಿ ಸೇರಿಸುವಾಗ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಒಂದು ಸಾಲು ಬರೆಯಬೇಕು. ಆ ಸಾಲು ಚರಿತ್ರೆಯಲ್ಲಿ ಸೇರಿದ ಮೇಲೆ ಅಳಿಸುವಂತಿಲ್ಲ. ಅಷ್ಟು ಹೊತ್ತಿಗೆ ನಾನು ಮನೆಯಿಂದಲೇ ದುಡಿಯುತ್ತಿದ್ದೆ. ಈ ಚಿಪ್ ಬಳಸುವ ಹೊರದೇಶದ ಕಂಪೆನಿಯೊಂದು ಅದಕ್ಕಾಗಿ ಸಂಬಳ ಕೊಡುತ್ತಿತ್ತು. ಒಂದು ಸಂಜೆ ಒಂದು ಕಿಟಕಿಯಲ್ಲಿ ತಿದ್ದುಪಡಿ, ಇನ್ನೊಂದು ಕಿಟಕಿಯಲ್ಲಿ ಗಂಡನಿಗೆ ಸಂದೇಶ. ಕೈ ತಪ್ಪಿತು. ಲೋಕದ ಯಾವ ಮೂಲೆಯಲ್ಲಿ ನೋಡಿದರೂ ಕಾಣುವಂತೆ, ಅಚ್ಚ ಕನ್ನಡ ಲಿಪಿಯಲ್ಲಿ, "ಉದ್ದು ನೆನೆಹಾಕಿ, ಮರೆಯಬೇಡಿ" ಎಂಬ ವಿವರಣೆ ಕಂಪೈಲರಿನ ಚರಿತ್ರೆಗೆ ಸೇರಿತು. ಇದು ಯಾವ ಗುಪ್ತ ಸಂಕೇತ ಎಂದು ಒಬ್ಬ ಕೇಳಿದ. ಹೆಲ್ಗಾ ನಗಲೂ ಇಲ್ಲ, ಬೈಯಲೂ ಇಲ್ಲ. ಚರಿತ್ರೆ ಬದಲಾಗುವುದಿಲ್ಲ, ಅರ್ಥ ಬರೆದು ಸೇರಿಸು ಎಂದಳು. ಬರೆದೆ. ಅದು ಈಗಲೂ ಅಲ್ಲಿದೆ. ಉದ್ದು ಮಾತ್ರ ಆ ದಿನ ನೆನೆಯಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಬಂದ ದೊಡ್ಡ ಬದಲಾವಣೆ ಎಂದರೆ ಯಂತ್ರಗಳೇ ಬರೆದ ದೂರುಗಳು. ಕೃತಕ ಬುದ್ಧಿಮತ್ತೆಗೆ ಹೇಳಿ ಬರೆಸಿದ ಉದ್ದುದ್ದ ಪುಟಗಳು, ಬಹಳ ವಿನಯ, ಬಹಳ ಆತ್ಮವಿಶ್ವಾಸ. ಓಡಿಸಿ ನೋಡಿದರೆ ಅಲ್ಲಿ ತಪ್ಪೇ ಇರುವುದಿಲ್ಲ. ಮೊದಮೊದಲು ತಾಳ್ಮೆಯಿಂದ ಉತ್ತರಿಸಿದೆ. ಆಮೇಲೆ ಹೆಲ್ಗಾ ನನಗೆ ಕಳಿಸಿದ್ದ ಎರಡೇ ಪದವನ್ನು ನಾನೂ ಕಳಿಸತೊಡಗಿದೆ. ಹತ್ತರಲ್ಲಿ ಒಂಬತ್ತು ಜನ ಮತ್ತೆ ಬರಲಿಲ್ಲ. ಮತ್ತೆ ಬಂದ ಒಬ್ಬರ ಜೊತೆ ಕೆಲಸ ಮಾಡಿದರೆ ಸಾಕು.

ಇನ್ನು ಜುಬೈರನ ಪೆಟ್ಟಿಗೆಯ ವಿಷಯ. ಇದನ್ನು ಹೇಳುವುದಕ್ಕೇ ನಾನು ಬರೆಯಲು ಕುಳಿತದ್ದು.

ಜುಬೈರ್ ಗಲ್ಫಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿ ಬಂದು ಉಪ್ಪಳದ ಪೇಟೆಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವನು. ಮೀನುಗಾರಿಕೆಯ ಬೋಟುಗಳಿಗಾಗಿ ಅವನು ಒಂದು ರೇಡಿಯೋ ಪೆಟ್ಟಿಗೆ ಮಾಡಿದ್ದ. ಕಡಲಲ್ಲಿ ಅಪಾಯವಾದರೆ ಕೆಂಪು ಗುಂಡಿ ಒತ್ತುವುದು. ಬೋಟು ಎಲ್ಲಿದೆ ಎಂದು ಪೆಟ್ಟಿಗೆ ದಡಕ್ಕೆ ತಿಳಿಸುತ್ತದೆ. ಒಳಗಿದ್ದದ್ದು ನನ್ನ ಆ ಸಣ್ಣ ಚಿಪ್‌ನ ಹೊಸ ಅವತಾರ. ಹಳೆಯದು ಪೇಟೆಯಲ್ಲಿ ಸಿಗುವುದು ನಿಂತಿತ್ತು, ಹೊಸದನ್ನು ತಿಳಿದದ್ದು ನಮ್ಮ ಕಂಪೈಲರಿನ ಹೊಸ ಆವೃತ್ತಿ ಮಾತ್ರ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯಲು ಕೆಲವು ದಿನ ಇರುವಾಗ ಅವನು ಫೋನ್ ಮಾಡಿದ. ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ, ಆದರೆ ಒಮ್ಮೊಮ್ಮೆ ದಡಕ್ಕೆ ಏನೂ ಬರುವುದಿಲ್ಲ. ಡಿಬಗ್ಗರ್ ಹಾಕಿ ನೋಡಿದರೆ ಪ್ರತಿ ಸಲವೂ ಸರಿ. ಇನ್‌ಸ್ಪೆಕ್ಟರ್ ಬಂದ ದಿನ ಶಾಲೆಯ ಮಕ್ಕಳು ಇದ್ದ ಹಾಗೆ. ನಾನು ಬಸ್ಸು ಹತ್ತಿ ಉಪ್ಪಳಕ್ಕೆ ಹೋದೆ.

ವರ್ಕ್‌ಶಾಪಿನಲ್ಲಿ ಲೋಕಪ್ಪಣ್ಣ ಕೂತಿದ್ದರು. ಮಂಜೇಶ್ವರದ ಕಡೆಯ ಮೊಗವೀರರು, ಸ್ವಂತ ಬೋಟು, ಇಬ್ಬರು ಮಕ್ಕಳೂ ಅದರಲ್ಲೇ ಹೋಗುವವರು. ಓದಿದ ಹೆಂಗಸು ಎಂದರೆ ಟೀಚರೇ ಎಂದು ಅವರ ಲೆಕ್ಕ, ನಾನು ತಿದ್ದಲು ಹೋಗಲಿಲ್ಲ. ಪೆಟ್ಟಿಗೆ ಸರಿಯಾಗುವವರೆಗೆ ಹೋಗದೆ ಇರಲು ಆಗುತ್ತದಾ ಎಂದು ಕೇಳಿದೆ.

ಅವರು ಹೇಳಿದರು, "ಪೆಟ್ಟಿಗೆ ಉಂಟು ಅಂತ ನಾವು ಕಡಲಿಗೆ ಹೋಗುದಲ್ಲ ಟೀಚರೇ. ಇಲ್ಲದಿದ್ರೂ ಹೋಗ್ತೇವೆ, ಅಪ್ಪನ ಕಾಲದಲ್ಲಿ ಎಂತ ಇತ್ತು? ಆದ್ರೆ ಉಂಟು ಅಂತ ನಂಬಿ ಸ್ವಲ್ಪ ದೂರ ಜಾಸ್ತಿ ಹೋಗ್ತೇವೆ. ಅಲ್ಲಿ ಅದು ಬಾಯಿ ಬಿಡದಿದ್ರೆ?"

ನಾನು ಪ್ರಭು ಸಾರ್ ಕಲಿಸಿದಂತೆ ಕೂತು ಕಡಿಯಲು ಶುರು ಮಾಡಿದೆ. ಜುಬೈರನ ಪ್ರೋಗ್ರಾಮ್ ಸ್ವಚ್ಛವಾಗಿತ್ತು, ಅವನ ತಪ್ಪಿರಲಿಲ್ಲ. ಕೊನೆಗೆ ಉಳಿದದ್ದು ಇಷ್ಟೇ: ಚಿಪ್‌ನೊಳಗಿನ ಗಡಿಯಾರವನ್ನು ಮತ್ತೆ ಮತ್ತೆ ಓದು, ಹೊತ್ತು ಎಂದಾದರೂ ಹಿಂದಕ್ಕೆ ಹೋಯಿತಾ ನೋಡು. ಅದನ್ನು ಮೇಜಿನ ಮೇಲಿದ್ದ ಚಿಪ್‌ನಲ್ಲಿ ಓಡಿಸಿದಾಗ ಹೊತ್ತು ನಿಜವಾಗಿ ಹಿಂದಕ್ಕೆ ಹೋಯಿತು.

ಆಗ ಅರ್ಥವಾಯಿತು. ಆ ಚಿಪ್ ತನ್ನ ಹೊತ್ತನ್ನು ಎರಡು ತುಂಡಾಗಿ ಇಟ್ಟುಕೊಂಡಿರುತ್ತದೆ, ಗಂಟೆ ಮತ್ತು ನಿಮಿಷ ಎಂದುಕೊಳ್ಳಿ. ಒಂಬತ್ತು ಐವತ್ತೊಂಬತ್ತಕ್ಕೆ ನೀವು ಮೊದಲು ಗಂಟೆ ನೋಡಿ ಒಂಬತ್ತು ಎಂದು ಬರೆದುಕೊಂಡಿರಿ. ಕಣ್ಣು ನಿಮಿಷದ ಕಡೆ ಹೋಗುವಷ್ಟರಲ್ಲಿ ಹತ್ತು ಹೊಡೆದು ನಿಮಿಷ ಸೊನ್ನೆಯಾಯಿತು. ನೀವು ಒಂಬತ್ತು ಗಂಟೆ ಎಂದು ಬರೆದಿರಿ, ಒಂದು ಇಡೀ ಗಂಟೆ ತಪ್ಪು. ಹೀಗಾಗದಿರಲು, ನಿಮಿಷವನ್ನು ಮೊದಲು ಓದಿದರೆ ಗಂಟೆಯನ್ನು ಚಿಪ್ ಹಿಡಿದು ನಿಲ್ಲಿಸಿಕೊಡುತ್ತದೆ. ನಮ್ಮ ಹೊಸ ಕಂಪೈಲರ್ ಗಂಟೆಯನ್ನು ಮೊದಲು ಓದುತ್ತಿತ್ತು. ಗುಂಡಿ ಒತ್ತಿದ ಹೊತ್ತನ್ನು ಪೆಟ್ಟಿಗೆ ಇದ್ದದ್ದಕ್ಕಿಂತ ಹಿಂದಿನದೆಂದು ತಪ್ಪಾಗಿ ತಿಳಿದು, ರೇಡಿಯೋ ಎಚ್ಚರವಾಗಲು ಬೇಕಾದಷ್ಟು ಕಾದಾಗಿದೆ ಎಂದುಕೊಂಡು, ಇನ್ನೂ ಏಳದ ರೇಡಿಯೋಗೆ ಮಾತು ಕೊಡುತ್ತಿತ್ತು. ರೇಡಿಯೋ ಕಂಗಾಲಾಗಿ, ಆಫ್ ಮಾಡಿ ಆನ್ ಮಾಡುವವರೆಗೆ ಸುಮ್ಮನೆ ಕೂರುತ್ತಿತ್ತು. ಡಿಬಗ್ಗರ್ ಹಾಕಿದಾಗ ಪ್ರೋಗ್ರಾಮ್ ಜೊತೆ ಗಡಿಯಾರವೂ ನಿಲ್ಲುವುದರಿಂದ ತಪ್ಪು ಕಾಣುತ್ತಲೇ ಇರಲಿಲ್ಲ.

ಹಾಗಾದರೆ ನಮ್ಮ ಪರೀಕ್ಷೆಗಳು ಏನು ಮಾಡುತ್ತಿದ್ದವು? ಎಲ್ಲ ಹಸಿರಾಗಿದ್ದವು. ಯಾಕೆಂದರೆ ಅವು ಓಡುತ್ತಿದ್ದದ್ದು ನಿಜವಾದ ಚಿಪ್‌ನಲ್ಲಲ್ಲ, ಸಿಮ್ಯುಲೇಟರ್ ಎಂಬ, ಪ್ರೋಗ್ರಾಮಾಗಿ ಬರೆದಿಟ್ಟ ನಕಲಿ ಚಿಪ್‌ನಲ್ಲಿ. ಕಂಪೈಲರಿನ ಈ ಭಾಗವನ್ನೂ ನಕಲಿ ಚಿಪ್ಪನ್ನೂ ಪರೀಕ್ಷೆಯನ್ನೂ ಬರೆದದ್ದು ಹೆಲ್ಗಾ. ಚಿಪ್ಪಿನ ಕೈಪಿಡಿಯಲ್ಲಿ ಗಡಿಯಾರಕ್ಕೆ ಹೊತ್ತು ಬರೆಯುವಾಗ ದೊಡ್ಡ ತುಂಡು, ಅಂದರೆ ಗಂಟೆ, ಮೊದಲು ಎಂದಿದೆ. ಓದುವಾಗ ಸಣ್ಣದು ಮೊದಲು ಎಂದು ಮುಂದಿನ ಪುಟದಲ್ಲಿದೆ. ಅವಳು ಮೊದಲನೆಯದನ್ನು ಎರಡಕ್ಕೂ ಹಿಡಿದು, ಅಲ್ಲಿಯವರೆಗೆ ಸರಿಯಾಗಿದ್ದ ಕ್ರಮವನ್ನು ಹೊಸ ಆವೃತ್ತಿಯಲ್ಲಿ ಶ್ರದ್ಧೆಯಿಂದ ತಿದ್ದಿದ್ದಳು. ಒಂದೇ ತಲೆ ಪ್ರಶ್ನೆಪತ್ರಿಕೆಯನ್ನೂ ಉತ್ತರವನ್ನೂ ಬರೆದರೆ ನೂರಕ್ಕೆ ನೂರು ಬಾರದೆ ಇರುತ್ತದಾ? ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು ಇದು. ಅವಳ ಜಾಗದಲ್ಲಿ ನಾನಿದ್ದರೂ ಆಗಬಹುದಿತ್ತು.

ಮೂಲದ ನನ್ನ ಪ್ರತಿಯಲ್ಲಿ ಕ್ರಮ ತಿದ್ದಿ ಹೊಸ ಕಂಪೈಲರ್ ಕಟ್ಟಿ ಜುಬೈರನಿಗೆ ಕೊಟ್ಟೆ. ಅವನು ಪೆಟ್ಟಿಗೆಗಳಿಗೆಲ್ಲ ಹೊಸ ಪ್ರೋಗ್ರಾಮ್ ತುಂಬಿದ. ಲೋಕಪ್ಪಣ್ಣನ ಮಗ ಕಟ್ಟಿಹಾಕಿದ ಬೋಟಿನಿಂದ ಗುಂಡಿ ಒತ್ತುತ್ತಲೇ ಇದ್ದ, ನಾವು ದಡದಲ್ಲಿ ಕೇಳುತ್ತಲೇ ಇದ್ದೆವು. ಒಂದೂ ತಪ್ಪಲಿಲ್ಲ. ನಿಷೇಧ ಮುಗಿದ ದಿನ ಅವರು ಕಡಲಿಗಿಳಿದರು.

ಅಲ್ಲಿಗೆ ಮುಗಿಸಬಹುದಿತ್ತು. ನನ್ನ ನಿವೃತ್ತಿ ಹತ್ತಿರವಿತ್ತು. ಜುಬೈರನೂ ಅದನ್ನೇ ಹೇಳಿದ, "ನಮ್ಮದು ಸರಿ ಆಯ್ತಲ್ಲ ಅಕ್ಕ. ಇನ್ನು ಆ ಹೆಲ್ಗಾ ಹತ್ರ ಯಾಕೆ ಜಗಳ?"

"ನನ್ನ ಪ್ರತಿ ನನ್ನ ಜೊತೆಗೇ ಮುಗೀತದೆ ಮಾರಾಯ," ಎಂದೆ. "ನಾಳೆ ನೀನು ಹೊಸ ಆವೃತ್ತಿ ಹಾಕಿದ್ರೆ ತಪ್ಪು ವಾಪಸ್ ಬರ್ತದೆ. ಮತ್ತೆ ಈ ಚಿಪ್ ಹಾಕಿ ಪೆಟ್ಟಿಗೆ ಮಾಡುವವ ಲೋಕದಲ್ಲಿ ನೀನೊಬ್ಬನೇ ಉಂಟಾ?"

ತಿದ್ದುಪಡಿಯನ್ನು ಮೂಲಕ್ಕೆ ಕಳಿಸಿದೆ. ಹಸಿರಾಗಿದ್ದ ಪರೀಕ್ಷೆಗಳು ಕೆಂಪಾದವು. ಆಗಲೇಬೇಕಿತ್ತು, ಅವು ತಪ್ಪನ್ನೇ ಸರಿ ಎಂದು ಕಾಯುತ್ತಿದ್ದವು. ಹೆಲ್ಗಾ ತಿರಸ್ಕರಿಸಿದಳು. ಪರೀಕ್ಷೆ ಕೆಡಿಸುವ ತಿದ್ದುಪಡಿ ಬೇಡ, ಚಿಪ್ ಕೂರಿಸಿದ ನಿಮ್ಮ ಬೋರ್ಡಿನ ಗಡಿಯಾರವೇ ಹಾಳಾಗಿರಬೇಕು ಎಂದಳು. ಬೇರೆ ಬೋರ್ಡುಗಳಲ್ಲೂ ಓಡಿಸಿ ತೋರಿಸಿದೆ. ಚರ್ಚೆಯೆಲ್ಲ ಎಲ್ಲರೂ ನೋಡುವ ಮೈಲ್ ಪಟ್ಟಿಯಲ್ಲೇ ನಡೆಯುವುದಲ್ಲವೇ, ಒಬ್ಬ ನಡುವೆ ಬಂದು, ಯಾರೂ ಬಳಸದ ಹಳೆಯ ಚಿಪ್‌ಗಾಗಿ ಇಷ್ಟು ರಗಳೆ ಯಾಕೆ, ಆ ಭಾಗವನ್ನೇ ಕಿತ್ತು ಬಿಸಾಡೋಣ ಎಂದ. ನನಗೆ ನಖಶಿಖಾಂತ ಉರಿಯಿತು. ಬರೆದ ಮೊದಲ ಉತ್ತರವನ್ನು ಅಳಿಸಿ, ಗಂಜಿ ಊಟ ಮಾಡಿ ಬಂದು ಎರಡನೆಯದನ್ನು ಬರೆದೆ. ಬಳಸುವವರು ನಮಗೆ ಕಾಣುವುದಿಲ್ಲ, ಕಾಣದವರು ಇಲ್ಲ ಎಂದಲ್ಲ ಎಂದು ಅದರಲ್ಲಿತ್ತು. ಕಿರಿಯರಿಗೆ ನಾನು ಕೊಡುವ ಸಲಹೆ ಒಂದಿದ್ದರೆ ಇದೇ: ಪಟ್ಟಿಗೆ ಬರೆಯುವಾಗ ಎರಡನೆಯ ಉತ್ತರವನ್ನು ಕಳಿಸಿ.

ಆಮೇಲೆ ಒಂದು ಬೋರ್ಡನ್ನು ಹತ್ತಿಯಲ್ಲಿ ಸುತ್ತಿ, ಬೋಟುಗಳ ಪೆಟ್ಟಿಗೆಯ ವಿಷಯ ಬರೆದ ಒಂದು ಚೀಟಿ ಇಟ್ಟು, ಹೆಲ್ಗಾಳ ವಿಳಾಸಕ್ಕೆ ಕೊರಿಯರ್ ಮಾಡಿದೆ. ಅದು ಅವರ ದೇಶದ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿತ್ತು. ಪ್ರತಿ ಸೋಮವಾರ ಪಟ್ಟಿಗೆ ಒಂದೇ ಸಾಲು ಬರೆದೆ: ಬೋರ್ಡ್ ಮುಟ್ಟಿತೇ? ಕೆಲವರಿಗೆ ನಾನು ತಲೆನೋವಾದೆ, ಆಗಲಿ ಎಂದುಕೊಂಡೆ. ಈ ನಡುವೆ ನಾನು ನಿವೃತ್ತಳಾದೆ. ಕಂಪೆನಿಯವರು ಆನ್‌ಲೈನಿನಲ್ಲಿ ಒಂದು ಸಭೆ ಮಾಡಿ ಒಳ್ಳೆಯ ಮಾತಾಡಿದರು. ಮುಂದಿನ ಸೋಮವಾರ ಬಂತು. ಸಂಬಳಕ್ಕೆ ನಿವೃತ್ತಿ ಇತ್ತು, ಪ್ರಶ್ನೆ ಕೇಳುವುದಕ್ಕೆ ಇರಲಿಲ್ಲ. ಬರೆದೆ.

ಒಂದು ಬೆಳಿಗ್ಗೆ ನೋಡಿದರೆ ಉತ್ತರ ಬಂದಿರಲಿಲ್ಲ, ಮೂಲವೇ ಬದಲಾಗಿತ್ತು. ಹೆಲ್ಗಾ ತನ್ನ ಪರೀಕ್ಷೆಯನ್ನು ಕಿತ್ತಿದ್ದಳು, ನಕಲಿ ಚಿಪ್ಪನ್ನು ತಿದ್ದಿದ್ದಳು, ನನ್ನ ತಿದ್ದುಪಡಿಯನ್ನು ನನ್ನ ಹೆಸರಿನಲ್ಲೇ ಸೇರಿಸಿದ್ದಳು. ಜೊತೆಗಿನ ವಿವರಣೆ ಹೀಗಿತ್ತು: ಓದುವ ಕ್ರಮವನ್ನು ನಾನು ತಪ್ಪು ತಿಳಿದಿದ್ದೆ. ನಿಜವಾದ ಚಿಪ್ ಈಗ ನನ್ನ ಮೇಜಿನ ಮೇಲಿದೆ. ಅಳಿಸಲಾಗದ ಚರಿತ್ರೆಯಲ್ಲಿ ತನ್ನ ತಪ್ಪನ್ನು ತಾನೇ ಬರೆದಿಟ್ಟ ಆ ಹೆಂಗಸಿನ ಮೇಲೆ ನನಗೆ ಆ ಹೊತ್ತಿಗೆ ಬಂದ ಗೌರವ ಇಷ್ಟಿಷ್ಟಲ್ಲ. ನನಗೊಬ್ಬಳಿಗೇ ಬೇರೆ ಮೈಲ್ ಬಂತು. ಆ ಬೋಟುಗಳು ಎಷ್ಟು ದೂರ ಹೋಗುತ್ತವೆ ಎಂದು ಕೇಳಿದ್ದಳು. ಲೋಕಪ್ಪಣ್ಣನ ವಿಷಯವನ್ನೆಲ್ಲ ಬರೆದೆ. ಈಗ ಜುಬೈರನ ವರ್ಕ್‌ಶಾಪಿನ ಒಂದು ಮೂಲೆಯಲ್ಲಿ ನಿಜವಾದ ಚಿಪ್ ಕೂತಿದೆ. ಕಂಪೈಲರಿನ ಈ ಭಾಗದಲ್ಲಿ ಯಾರು ಏನು ತಿದ್ದಿದರೂ ಉಪ್ಪಳದಲ್ಲಿ ಒಮ್ಮೆ ಓಡಿದ ಮೇಲೆಯೇ ಒಳಗೆ.

ಹೊಸ ಆವೃತ್ತಿ ಹೊರಬಂದು ಕೆಲವು ತಿಂಗಳಾದ ಮೇಲೆ ಅಪರಿಚಿತನೊಬ್ಬನ ಮೈಲ್ ಬಂತು. ನಾನು ಭೂಪಟದಲ್ಲಿ ಹುಡುಕಬೇಕಾದಂಥ ಒಂದು ದ್ವೀಪ. ಅಲ್ಲಿಯೂ ಒಬ್ಬ ಅಂಥದ್ದೇ ಪೆಟ್ಟಿಗೆ ಮಾಡುತ್ತಾನಂತೆ, ಅದೇ ಚಿಪ್. ಒಮ್ಮೊಮ್ಮೆ ಯಾಕೆ ಸುಮ್ಮನಾಗುತ್ತದೆ ಎಂದು ತಿಳಿಯದೆ ಒದ್ದಾಡುತ್ತಿದ್ದನಂತೆ. ಹೊಸ ಆವೃತ್ತಿಯಲ್ಲಿ ಕಟ್ಟಿದ ಮೇಲೆ ಸರಿಯಾಯಿತು. ಹಿಂದಿನ ವಾರ ಗಾಳಿಗೆ ಸಿಕ್ಕಿ ಒಂದು ದೋಣಿ ಮಗುಚಿತು, ಮುಳುಗುವ ಮೊದಲು ಒಬ್ಬ ಗುಂಡಿ ಒತ್ತಿದ್ದ. ತಿದ್ದುಪಡಿಯ ಪಕ್ಕ ನಿಮ್ಮ ಹೆಸರಿತ್ತು, ಅದಕ್ಕೆ ಬರೆಯುತ್ತಿದ್ದೇನೆ ಎಂದಿದ್ದ.

ನಾನು ಮೇಜಿನ ಮುಂದೆ ಕೂತು ಅತ್ತೆ. ಆಮೇಲೆ ಯಾರಿಗಾದರೂ ಹೇಳದೆ ಇರಲಾಗದೆ ಬಸ್ಸು ಹಿಡಿದು ಜುಬೈರನ ಹತ್ತಿರ ಹೋಗಿ, ಅವನನ್ನು ಕರೆದುಕೊಂಡು ಮಂಜೇಶ್ವರದ ಕಡಲ ಕರೆಗೆ ಹೋದೆ. ಲೋಕಪ್ಪಣ್ಣ ಬಲೆ ಸರಿಮಾಡುತ್ತಾ ಕೂತಿದ್ದರು. ಅವರ ಬೋಟಿನ ಪೆಟ್ಟಿಗೆಯ ಗುಂಡಿಯನ್ನು ಒತ್ತುವ ಅಗತ್ಯ ಈವರೆಗೆ ಬಂದಿಲ್ಲ, ಬಾರದಿರಲಿ. ಹೊಸ ಕಂಪೈಲರ್, ದ್ವೀಪ, ಮಗುಚಿದ ದೋಣಿ, ಎಲ್ಲವನ್ನೂ ನಾನು ಒಂದೇ ಉಸಿರಿಗೆ ಹೇಳಿದೆ. ಅದು ಯಾವ ದೇಶ, ನಾನು ಮಾಡಿದ್ದೇನು ಎಂದು ಅವರು ಕೇಳಲಿಲ್ಲ. ಬಲೆ ಕೆಳಗಿಟ್ಟರು.

"ದೋಣಿಯಲ್ಲಿ ಎಷ್ಟು ಜನ ಇದ್ರು ಟೀಚರೇ?"

"ಐದು."

"ಎಲ್ಲ ಬಂದ್ರಾ?"

"ಬಂದರು," ಎಂದೆ. "ಐದೂ ಜನ ಮನೆಗೆ ಬಂದರು."